ಬಚ್ಚಲ ಬಾಗಿಲಲ್ಲಿ ಮಾವ

ನಮ್ಮ ಸೋದರಮಾವನ ಮನೆಗೆ ಹೋದವರು ಯಾರೂ ಸ್ನಾನ ಮಾಡಿಕೊಂಡು ಬರುವುದಿಲ್ಲ, ಪರೀಕ್ಷೆ ಬರೆದು ಬರುತ್ತಾರೆ! ಬಚ್ಚಲಿನ ಚಿಲಕ ಹಾಕಿ, ಮೈಮೇಲೆ ಮೊದಲ ತಂಬಿಗೆ ಸುರಿದುಕೊಳ್ಳುವಷ್ಟರಲ್ಲಿ ಬಾಗಿಲ ಆಚೆಯಿಂದ ಮೊದಲ ಪ್ರಶ್ನೆ ಬರುತ್ತದೆ.

"ಏನ್ಲೇ, ಬಿಸಿ ಐತಾ?"

"ಐತೆ ಮಾವ."

"ಎಂಥಾ ಬಿಸಿ? ಕಾಫಿ ಬಿಸಿನೋ, ಹಾಲಿನ ಬಿಸಿನೋ?"

ಕಣ್ಣಿಗೆ ಸೋಪು ಹೋಗಿ ನಿಂತ ಮನುಷ್ಯ ಇದಕ್ಕೆ ಏನು ಉತ್ತರ ಕೊಡಬೇಕು, ನೀವೇ ಹೇಳಿ? "ಹಾಲು" ಅಂದರೆ "ಕಾಸಿದ್ದೋ, ಈಗ ಕರೆದಿದ್ದೋ?" ಎಂಬ ಉಪಪ್ರಶ್ನೆ ಸಿದ್ಧವಾಗಿರುತ್ತದೆ. ಸುಮ್ಮನಿದ್ದುಬಿಡೋಣ ಎಂದರೆ ಅದೂ ಆಗದು. ಉತ್ತರ ಸಿಗುವವರೆಗೆ ಬಾಗಿಲು ಬಡಿಯುವುದು ನಿಲ್ಲುವುದಿಲ್ಲ.

ಮಾವ ಮೊಳಕಾಲ್ಮೂರಿನ ನೇಕಾರರು. ಮನೆಮಾತು ತೆಲುಗು, ಬಾಯಿಗೆ ರೂಢಿಯಾದದ್ದು ಕನ್ನಡ, ಮಗ್ಗದ ಮುಂದೆ ಮೌನ. ರೇಷ್ಮೆ ಎಳೆಯ ತುಂಡೊಂದು ನೆಲಕ್ಕೆ ಬಿದ್ದರೂ ಎತ್ತಿ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುವ ಜಾಯಮಾನ. ಇಂಥವರ ಮನೆಗೆ ಗ್ಯಾಸ್ ಗೀಸರ್ ಬಂದದ್ದು ಅತ್ತೆಯ ಕೆಮ್ಮಿನಿಂದ. ಅದಕ್ಕೆ ಮೊದಲು ಅವರ ಬಚ್ಚಲಲ್ಲಿ ತಾಮ್ರದ ಹಂಡೆ ಇತ್ತು. ಅದರ ಒಲೆಗೆಂದು, ಚಳ್ಳಕೆರೆಯಿಂದ ನಾವು ಯಾರೇ ಹೊರಟರೂ ಮಿಲ್ಲಿನ ಶೇಂಗಾ ಹೊಟ್ಟಿನ ಮೂಟೆಯೊಂದನ್ನು ಬಸ್ಸಿನ ಮೇಲೆ ಹಾಕಿಕೊಂಡೇ ಹೋಗಬೇಕಿತ್ತು. ಜನ ನೆಂಟರ ಮನೆಗೆ ಹಣ್ಣು, ಹೂವು ಒಯ್ದರೆ ನಾವು ಹೊಟ್ಟು ಒಯ್ಯುತ್ತಿದ್ದೆವು! ಆ ಹೊಗೆ ಕುಡಿದು ಕುಡಿದು ಅತ್ತೆಗೆ ಕೆಮ್ಮು ಹತ್ತಿತು. ಮಗ್ಗದ ಮುಂದೆ ಕೂತ ಮಾವನಿಗೆ ಲಾಳಿಯ ಸದ್ದಿಗಿಂತ ಆ ಕೆಮ್ಮಿನ ಸದ್ದೇ ಜೋರಾಗಿ ಕೇಳತೊಡಗಿತು. ಒಂದು ದಿನ ಎದ್ದವರೇ ಹಂಡೆಯನ್ನು ಅಟ್ಟಕ್ಕೇರಿಸಿ, ಬಚ್ಚಲ ಗೋಡೆಗೆ ಗೀಸರ್ ಹಾಕಿಸಿಬಿಟ್ಟರು.

ಅತ್ತೆಯ ಕೆಮ್ಮು ಇಳಿಯಿತು, ಮಾವನ ಹುಚ್ಚು ಏರಿತು. ಉರಿದ ಗ್ಯಾಸಿನಲ್ಲಿ ನೀರಿಗೆ ಸೇರಿದ್ದೆಷ್ಟು, ಗಾಳಿಗೆ ಹೋದದ್ದೆಷ್ಟು? ಇದೇ ಹಗಲೂ ರಾತ್ರಿ ಚಿಂತೆ. ನಲ್ಲಿ ಪೂರ್ತಿ ಬಿಟ್ಟರೆ ನೀರು ಗೀಸರಿನೊಳಗೆ ನಿಲ್ಲದೆ ಓಡಿಬಿಡುತ್ತದೆ, ಕಾಯುವುದಕ್ಕೆ ಪುರುಸೊತ್ತೇ ಇಲ್ಲ. ತೀರಾ ಸಣ್ಣಗೆ ಬಿಟ್ಟರೆ ಒತ್ತಡ ಸಾಲದೆ ಉರಿಯೇ ಹತ್ತುವುದಿಲ್ಲ. ಇವೆರಡರ ನಡುವೆ ಎಲ್ಲೋ ಒಂದು ಪುಣ್ಯಸ್ಥಳವಿದೆ ಎಂದು ಮಾವನ ದೃಢ ನಂಬಿಕೆ. ಅದನ್ನು ಹುಡುಕಿ ಹುಡುಕಿ, ಕೊನೆಗೆ ನಲ್ಲಿಯ ತಿರುಪಿಗೆ ರೇಷ್ಮೆ ಎಳೆ ಕಟ್ಟಿದರು. ಚಳಿಗಾಲದಲ್ಲಿ ಕೆಂಪು ಎಳೆ ಮೇಲೆ ಬರುವಷ್ಟು ತಿರುಗಿಸಬೇಕು, ಮಳೆಗಾಲದಲ್ಲಿ ಹಸಿರು ಎಳೆ. ಬೇಸಿಗೆಗೆ ಎಳೆಯೇ ಇಲ್ಲ! ಬಿಸಿಲು ಏರಿದ ಕೂಡಲೇ ಸಿಲಿಂಡರ್ ಕಳಚಿ ಅಡುಗೆಮನೆಗೆ ಸಾಗಿಸುತ್ತಾರೆ. ಆಮೇಲೆ ಮನೆಮಂದಿಗೆಲ್ಲ ತೊಟ್ಟಿಯ ತಣ್ಣೀರೇ ಗತಿ.

ಮಾವನ ಮಗಳ ಮದುವೆಯಾದ ಹೊಸತರಲ್ಲಿ ಒಂದು ಘಟನೆ ನಡೆಯಿತು. ಅಳಿಯ ಕೊಂಡ್ಲಹಳ್ಳಿಯವರು, ಬಹಳ ಸಂಕೋಚದ ಮನುಷ್ಯ. ದೀಪಾವಳಿಗೆ ಬಂದವರು ಎಣ್ಣೆ ಸ್ನಾನಕ್ಕೆ ಹೋದರು. ತಲೆ ತುಂಬಾ ಸೀಗೆಪುಡಿ ತಿಕ್ಕಿಕೊಂಡ ಹೊತ್ತಿಗೆ ಸರಿಯಾಗಿ ಗೀಸರಿನ ಉರಿ ಆರಿತು.

"ಮಾವಾ, ತಣ್ಣೀರು ಬರ್ತಾ ಐತೆ!" ಎಂದು ಒಳಗಿನಿಂದ ಕೂಗಿದರು.

ಬೇರೆ ಯಾವ ಮಾವನಾದರೂ ಒಲೆಯ ಮೇಲೆ ನೀರಿಟ್ಟು ಕೊಡುತ್ತಿದ್ದ. ನಮ್ಮ ಮಾವ ಸಂತೋಷದಿಂದ ತೊಡೆ ತಟ್ಟಿಕೊಂಡರು!

"ನಾನು ಹೇಳಿರ್ಲಿಲ್ವಾ? ಟ್ಯಾಂಕಿನಾಗೆ ನೀರು ಇಳಿದ್ರೆ ಒತ್ತಡ ಕಮ್ಮಿ ಆಗ್ತೈತೆ ಅಂತ! ಅಳಿಯಂದ್ರೇ, ಹಂಗೇ ನಿಂತ್ಕಳ್ರಿ, ನಲ್ಲಿ ಮಾತ್ರ ಮುಟ್ಟಬ್ಯಾಡ್ರಿ!" ಎಂದವರೇ ಕೊಡ ಹೊತ್ತು ಮಾಳಿಗೆ ಹತ್ತಿದರು. ಅಳಿಯ ಹಾಗೇ ನಿಂತರು. ಒಂದೊಂದು ಕೊಡ ಸುರಿದಾಗಲೂ ಉರಿ ಹತ್ತಿತೇ ಎಂದು ಮಾವ ಮೇಲಿನಿಂದ ಕೇಳುತ್ತಲೇ ಇದ್ದರು, ಅಳಿಯ ಕೆಳಗಿನಿಂದ ನಡುಗುತ್ತಾ ಹೇಳುತ್ತಲೇ ಇದ್ದರು. ಅದಾದ ಮೇಲೆ ಆ ಪುಣ್ಯಾತ್ಮ ಮಾವನ ಮನೆಗೆ ಬರುವಾಗಲೆಲ್ಲ ತಮ್ಮೂರಲ್ಲೇ ಸ್ನಾನ ಮುಗಿಸಿ ಬಂದು, ಸಂಜೆಯ ಬಸ್ಸಿಗೇ ಹೊರಟುಬಿಡುತ್ತಿದ್ದರು.

ನಮ್ಮ ಕಡೆಯ ಬೋರಿನ ನೀರಿನ ಗುಣವಂತೂ ಕೇಳಬೇಡಿ. ಪಾತ್ರೆಗೆ ಹಿಡಿದಿಟ್ಟರೆ ತಳದಲ್ಲಿ ಸುಣ್ಣ ಬಳಿದ ಹಾಗಿರುತ್ತದೆ. ಒಮ್ಮೆ ಗೀಸರ್ ಎಷ್ಟು ಉರಿದರೂ ನೀರು ಬೆಚ್ಚಗಾಗುವುದೇ ನಿಂತಿತು. ಚಳ್ಳಕೆರೆಯಿಂದ ರಿಪೇರಿಯ ಸಾಹೇಬರೊಬ್ಬರು ಬಂದು, ಅದರ ಹೊಟ್ಟೆ ಬಿಚ್ಚಿ, ಕೊಳವೆಯೊಳಗೆ ಕಲ್ಲಾಗಿ ಕೂತಿದ್ದ ಬಿಳೀ ಉಪ್ಪನ್ನು ಬಡಿದು ಕೆಡವಿದರು.

"ನಿಮ್ಮ ಗ್ಯಾಸೆಲ್ಲಾ ಈ ಉಪ್ಪು ಕಾಸೋಕೇ ಖರ್ಚಾಗೈತೆ ಯಜಮಾನ್ರೇ" ಅಂದರು.

ಮಾವ ತಲೆಯ ಮೇಲೆ ಕೈ ಹೊತ್ತು ಕೂತರು. "ಅಯ್ಯೋ, ಇಷ್ಟು ದಿನ ಉಪ್ಪಿಗೆ ಸ್ನಾನ ಮಾಡಿಸ್ತಿದ್ನಾ ನಾನು?"

ಸಾಹೇಬರು ಹೊರಡುವಾಗ ಇನ್ನೊಂದು ಮಾತು ಹೇಳಿದರು. "ಬಚ್ಚಲ ಕಿಟಕಿ ಪೂರಾ ಖುಲ್ಲಾ ಇಡ್ರಿ. ಕೆಟ್ಟ ಹವಾ ಹೊರಗೆ ಹೋಗ್ಬೇಕು. ಗೀಸರನ್ನೇ ಹೊರಗಿನ ಗೋಡೆಗೆ ಹಾಕ್ಸಿದ್ರೆ ಇನ್ನೂ ಚಲೋ."

ಉಪ್ಪಿನ ಮಾತು ಮಾವನಿಗೆ ಹಿಡಿಸಿತ್ತು. ಕಿಟಕಿಯ ಮಾತು ಹಿಡಿಸಲಿಲ್ಲ. ಸಾಹೇಬರ ಗಾಡಿ ಬೀದಿಯ ತಿರುವು ದಾಟುವುದನ್ನೇ ಕಾದಿದ್ದು ಶುರು ಮಾಡಿದರು.

"ಹೊರಗೆ ಹಾಕಿದ್ರೆ ನೀರು ಪೈಪಿನಾಗೇ ಆರ್ತೈತೆ! ಕಿಟಕಿ ತೆಗೆದ್ರೆ ಬಿಸಿಯೆಲ್ಲಾ ಬೀದಿ ಪಾಲು! ಬೀದೀಗೆ ಸ್ನಾನ ಮಾಡ್ಸೋಕೆ ನಾನೇನು ಪಂಚಾಯ್ತಿಯೋನಾ?"

ಹಾಗೆಂದು, ಹೊಟ್ಟಿನ ಹಳೇ ಗೋಣಿಚೀಲವನ್ನು ಮಡಚಿ ಕಿಟಕಿಗೆ ಗಿಡಿದು ಮುಚ್ಚಿದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುವಂಥದ್ದಲ್ಲ ಎಂದು ನಮಗೆ ಯಾರಿಗೆ ಗೊತ್ತಿತ್ತು?

ಚಳಿಗಾಲದ ಒಂದು ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅತ್ತೆ ಸ್ನಾನಕ್ಕೆ ಹೋಗಿದ್ದರು. ಮಾವ ಎಂದಿನಂತೆ ಬಾಗಿಲಲ್ಲಿ.

"ಏನೇ, ಬಿಸಿ ಐತಾ?"

"ಐತ್ರೀ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. "ಹೂಂ" ಎಂದು ಕ್ಷೀಣವಾಗಿ ಬಂತು. ಮತ್ತೂ ಕೇಳಿದರು. ಉತ್ತರ ಬರಲಿಲ್ಲ.

"ನೋಡ್ಲೇ, ನಿಮ್ಮತ್ತೆಗೆ ಸಿಟ್ಟು ಬಂತು" ಎಂದು ನನ್ನ ಕಡೆ ತಿರುಗಿ ನಕ್ಕರು. ಬಾಗಿಲು ಬಡಿದರು. ಒಳಗೆ ನೀರು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಮಾವನ ಮುಖದ ನಗು ಆರಿತು.

"ಏಮೇ... ಪಲಕವೇಮೇ?"

ಯಾಕೇ ಮಾತಾಡ್ತಿಲ್ಲ ಎಂದು ತೆಲುಗಿನಲ್ಲಿ ಕೇಳುತ್ತಿದ್ದರು. ಆ ದನಿಯನ್ನು ನಾನು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ. ನಾನು ಏಳುವಷ್ಟರಲ್ಲಿ ಆ ಕಡ್ಡಿಯಂಥ ಮನುಷ್ಯ ಹೆಗಲು ಕೊಟ್ಟು ಗುದ್ದಿದ ಹೊಡೆತಕ್ಕೆ ಚಿಲಕ ಕಿತ್ತು ಹಾರಿತು. ಅತ್ತೆ ಗೋಡೆಗೆ ಒರಗಿ ಕುಸಿದಿದ್ದರು. ಮಾವ ಸೀರೆ ಹೊದಿಸಿದರು, ಇಬ್ಬರೂ ಸೇರಿ ಅಂಗಳದ ಗಾಳಿಗೆ ಎತ್ತಿಕೊಂಡು ಬಂದು, ಅಲ್ಲಿಂದ ಆಸ್ಪತ್ರೆಗೆ ಓಡಿದೆವು. ಮುಚ್ಚಿದ ಕೋಣೆಯಲ್ಲಿ ಗ್ಯಾಸು ಉರಿದರೆ ಬಣ್ಣವಿಲ್ಲದ, ವಾಸನೆಯೂ ಇಲ್ಲದ ವಿಷಗಾಳಿ ತುಂಬಿಕೊಳ್ಳುತ್ತದಂತೆ. "ಇನ್ನು ಸ್ವಲ್ಪ ತಡ ಆಗಿದ್ದಿದ್ರೆ..." ಎಂದ ಡಾಕ್ಟರು ಮಾವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

"ಆ ಕಿಟಕಿ ಮುಚ್ಚಿದ್ದು ನಾನೇ ಕಣಲೇ" ಎಂದು ಮಾವ ಅತ್ತರು.

ಮುಚ್ಚಿದ್ದು ಅವರೇ, ನಿಜ. ಆದರೆ ಅತ್ತೆಯನ್ನು ಉಳಿಸಿದ್ದೂ ಅವರ ಆ ಹಾಳು ಪ್ರಶ್ನೆಯೇ. ಇದನ್ನು ನಾನು ಹೇಳಿದೆ. ಅವರ ಕಿವಿಗೆ ಬಿತ್ತೋ ಇಲ್ಲವೋ ತಿಳಿಯದು.

ಅತ್ತೆ ಮನೆಗೆ ಮರಳುವ ಮೊದಲೇ ಮಾವ ಕಿಟಕಿಯ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಎಸೆದು, ಮರೆಗೆ ಜಾಲರಿ ಹಾಕಿಸಿದ್ದರು. ಗೀಸರ್ ಹೊರಗಿನ ಗೋಡೆಗೆ ಹೋಯಿತು. ಅಲ್ಲಿಂದ ಬಚ್ಚಲವರೆಗೆ ಉದ್ದದ ಪೈಪು, ಅದಕ್ಕೆ ಕುರಿ ಉಣ್ಣೆಯ ಹಳೇ ಕಂಬಳಿ ಸುತ್ತಿದ್ದರು. ಚಳಿಜ್ವರ ಬಂದ ಹೆಬ್ಬಾವಿನ ಹಾಗೆ ಅದು ಗೋಡೆಗುಂಟ ಮಲಗಿತ್ತು.

"ಮಾವ, ಕಂಬಳಿ ಸುತ್ತಿದ್ರೂ ಪೈಪಿನಾಗೆ ಬಿಸಿ ಆರ್ತೈತಲ್ಲ?" ಎಂದು ಕೆಣಕಿದೆ.

"ಆರ್ಲಿ ಬಿಡ್ಲೇ" ಅಂದರು ಮಾವ.

ಎಲ್ಲವನ್ನೂ ಬಿಟ್ಟರು. ನಲ್ಲಿಯ ಕೆಂಪು, ಹಸಿರು ಎಳೆಗಳನ್ನೂ ಬಿಚ್ಚಿದರು. ಬಾಗಿಲಲ್ಲಿ ನಿಲ್ಲುವುದನ್ನು ಮಾತ್ರ ಬಿಡಲಿಲ್ಲ.

ಕಳೆದ ಬೇಸಿಗೆಯಲ್ಲಿ ಹೋಗಿದ್ದೆ. ಸಿಲಿಂಡರ್ ಕಳಚಿ ಅಡುಗೆಮನೆ ಸೇರಿತ್ತು, ಗೀಸರಿನ ಮೇಲೆ ಧೂಳು ಕೂತಿತ್ತು. ಅತ್ತೆ ಒಳಗೆ ತೊಟ್ಟಿಯ ತಣ್ಣೀರು ಮೊಗೆದು ಸ್ನಾನ ಮಾಡುತ್ತಿದ್ದರು. ಮಾವ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದರು.

"ಏನೇ, ಬಿಸಿ ಐತಾ?"

ನನಗೆ ನಗು ತಡೆಯಲಾಗಲಿಲ್ಲ. ಆದರೆ ಒಳಗಿನಿಂದ ನಗು ಬರಲಿಲ್ಲ. ತಂಬಿಗೆಯ ಸದ್ದು ಒಂದು ಕ್ಷಣ ನಿಂತಿತು.

"ಐತ್ರೀ" ಅಂದರು ಅತ್ತೆ. "ಚೆನ್ನಾಗಿ ಬಿಸಿ ಐತೆ."