ಎಲ್ಲ ಗೊತ್ತಿದ್ದ ಮಾವ

ನಮ್ಮ ಸೋದರಮಾವನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಒಂದೂ ಇಲ್ಲ! ಹಾಗೆಂದು ಹೇಳುವವರು ಬೇರೆ ಯಾರೂ ಅಲ್ಲ, ಅವರೇ. ಎರಡು ಸಲ ಶಾಸಕರಾಗಿ ಮೂರನೆಯ ಸಲ ಸೋತವರು. ಸೋತದ್ದು ಯಾಕೆ ಎಂಬುದೂ ಅವರಿಗೆ ಚೆನ್ನಾಗಿ ಗೊತ್ತು. ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದಾರೆ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನನ್ನ ಗಂಡ ಕಾಶಿಯಲ್ಲಿ ಸಂಶೋಧಕ, ನಮ್ಮ ಬಿಡಾರ ಅಲ್ಲಿನ ಶಿವಾಲ ಬಡಾವಣೆಯಲ್ಲಿ. ಅಜ್ಜಿ, ಅಂದರೆ ಮಾವನ ತಾಯಿ, ತೀರಿಕೊಂಡಿದ್ದಳು. ಅವಳ ಅಸ್ಥಿಯನ್ನು ಗಂಗೆಗೆ ಬಿಡಲು ಮಾವ ಬಂದಿಳಿದರು.

ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಬರುತ್ತಿದ್ದೆವು. ಗೊದೌಲಿಯಾ ಚೌಕದ ಜಂಗುಳಿಯಲ್ಲಿ ರಿಕ್ಷಾ ನಿಂತಾಗ ಬಂಗಾಳಿ ಮುದುಕಿಯೊಬ್ಬಳು ಏನೋ ದಾರಿ ಕೇಳಿದಳು. ಮಾವನಿಗೆ ಬಂಗಾಳಿ ಬಾರದು, ಹಿಂದಿ ಅಷ್ಟಕ್ಕಷ್ಟೆ, ಕಾಶಿಗೆ ಬಂದು ಅರ್ಧ ಗಂಟೆಯಾಗಿತ್ತು. "ಸೀದಾ ಹೋಗಿ ಎಡಕ್ಕೆ ತಿರುಗಮ್ಮ" ಎಂದು ಕನ್ನಡದಲ್ಲೇ ಹೇಳಿ ಕೈ ತೋರಿಸಿಬಿಟ್ಟರು! ಪಾಪ, ಆಕೆ ಹೊರಟೂಹೋದಳು.

"ಮಾವ, ಅವಳು ಕೇಳಿದ್ದು ಏನು ಅಂತ ನಿಮಗೆ ಗೊತ್ತಾ?"

"ದೇವಸ್ಥಾನ ಕೇಳಿರ್ತಾಳೆ. ಈ ಊರಲ್ಲಿ ಎಡಕ್ಕೆ ತಿರುಗಿದ್ರೆ ಒಂದು ದೇವಸ್ಥಾನ ಸಿಗೋದಿಲ್ವೇನೆ?"

ಮರುದಿನ ಸಾರನಾಥಕ್ಕೆ ಕರೆದುಕೊಂಡು ಹೋದೆವು. ಎಂಟು ವರ್ಷದ ನನ್ನ ಮಗಳು ಅಷ್ಟು ದೊಡ್ಡ ಸ್ತೂಪವನ್ನು ಒಂದು ಸುತ್ತು ಹಾಕಿ ಬಂದು, "ಇದರ ದರ್ವಾಜಾ ಎಲ್ಲಿ, ತಾತ?" ಎಂದಳು. ಅದು ಒಳಗೆ ಗಟ್ಟಿ ಇಟ್ಟಿಗೆಯ ಸ್ತೂಪ, ಬಾಗಿಲೇ ಇಲ್ಲ! ಮಾವ ಕಣ್ಣು ಮಿಟುಕಿಸದೆ ಹೇಳಿದರು: "ರಿಪೇರಿಗೆ ಮುಚ್ಚಿದಾರೆ ಪುಟ್ಟಿ."

ಸಂಜೆ ಕಾಫಿ ಕುಡಿಯುತ್ತ ನನ್ನ ಗಂಡ ಮೆಲ್ಲಗೆ ಕೆಣಕಿದರು. "ನಮ್ಮಲ್ಲಿ ಎಷ್ಟು ದೊಡ್ಡ ಸಂಶೋಧನೆಯಾದರೂ ಕೊನೆಗೆ 'ಇದು ಇನ್ನೂ ತಿಳಿದಿಲ್ಲ' ಅಂತ ಒಂದು ಸಾಲು ಬರೀತೀವಿ. ನಿಮ್ಮ ರಾಜಕೀಯದವರು ಯಾಕೆ ಯಾವತ್ತೂ ಹಾಗೆ ಹೇಳೋದಿಲ್ಲ?"

"ಅದಕ್ಕೇ ನಿಮಗೆ ಯಾರೂ ಓಟು ಹಾಕೋದಿಲ್ಲ ಅಳಿಯಂದಿರೇ!" ಎಂದು ಮಾವ ಗಹಗಹಿಸಿ ನಕ್ಕರು. ಆಮೇಲೆ ದನಿ ತಗ್ಗಿಸಿ, "ಕಷ್ಟದಲ್ಲಿರೋರು ನಮ್ಮ ಹತ್ರ ಬರ್ತಾರೆ. ಗೊತ್ತಿಲ್ಲ ಅಂದ್ರೆ ಅವರ ಧೈರ್ಯ ಹೋಗುತ್ತೆ" ಎಂದರು.

ನಾನಾದರೂ ಏನು ಕಡಿಮೆ? ವೇದಿಕೆಯ ಮೇಲೆ ತಲೆ ಕೆರೆದುಕೊಂಡು "ನೋಡಿ ಹೇಳ್ತೀನಿ" ಎನ್ನುವ ಅಭ್ಯರ್ಥಿಗೆ ನಾನು ಓಟು ಹಾಕಿದ್ದು ನೆನಪಿಲ್ಲ. ಅವರ ಬಾಯಿಂದ ಆ ಸುಳ್ಳುಗಳನ್ನು ಹೊರಡಿಸುವುದರಲ್ಲಿ ನಮ್ಮದೂ ಪಾಲಿದೆ.

ಮರುದಿನ ಬೆಳಗ್ಗೆ ಕೇದಾರ ಘಾಟಿನಲ್ಲಿ ಮಾವ ಕರ್ಮಕ್ಕೆ ಕೂತರು. ಶಾಸ್ತ್ರಿಗಳು ಇಲ್ಲೇ ಹುಟ್ಟಿ ಬೆಳೆದ ಕನ್ನಡದವರು. ಮಾವನ ತಾಯಿಯ ಹೆಸರು ಕೇಳಿದರು. ಆಮೇಲೆ ತಂದೆಯ ತಾಯಿಯ ಹೆಸರು ಕೇಳಿದರು.

ನಾನು ತಟ್ಟನೆ ಮಾವನ ಮುಖ ನೋಡಿದೆ. ಆಕೆಯನ್ನು ಇಡೀ ಊರೇ 'ಹಿರಿಯಮ್ಮ' ಎನ್ನುತ್ತಿತ್ತಂತೆ. ನಿಜವಾದ ಹೆಸರು ಮನೆಯಲ್ಲಿ ಒಬ್ಬರಿಗೂ ತಿಳಿಯದೆಂದು ನಮ್ಮಮ್ಮ ಎಷ್ಟೋ ಸಲ ಹೇಳಿದ್ದಳು.

"ಪಾರ್ವತಮ್ಮ" ಎಂದರು ಮಾವ, ಠಣ್ಣನೆ.

ಸ್ವಲ್ಪ ಹೊತ್ತಿನ ಮೇಲೆ ಶಾಸ್ತ್ರಿಗಳು ಪಿಂಡ ಕೈಗೆ ಕೊಟ್ಟು ಅದೇ ಹೆಸರನ್ನು ಮತ್ತೆ ಹೇಳಿಸಿದರು.

"ಲಕ್ಷ್ಮಮ್ಮ!"

ಶಾಸ್ತ್ರಿಗಳ ಮಂತ್ರ ನಿಂತಿತು. "ಅರೇ, ಆಗ ಪಾರ್ವತಮ್ಮ ಅಂದ್ರಿ, ಈಗ ಲಕ್ಷ್ಮಮ್ಮ ಅಂತೀರಿ. ಈ ಅನ್ನ ಯಾರಿಗೆ ಇಡೋಣ ಯಜಮಾನ್ರೆ?"

ಮಾವ ಕೈಯಲ್ಲಿದ್ದ ಪಿಂಡವನ್ನು ನೋಡಿದರು.

"ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ. ಕೋಯಿ ಬಾತ್ ನಹೀ, ಪರವಾಗಿಲ್ಲ. ಹೆಸರು ತಿಳಿಯದವರಿಗೂ ಶಾಸ್ತ್ರದಲ್ಲಿ ದಾರಿ ಇದೆ. ಸುಳ್ಳು ಹೆಸರಿಗೆ ಮಾತ್ರ ಇಲ್ಲ."

"ಗೊತ್ತಿಲ್ಲ" ಎಂದರು ಮಾವ. ನನಗೇ ಸರಿಯಾಗಿ ಕೇಳಿಸಲಿಲ್ಲ, ಅಷ್ಟು ಸಣ್ಣ ದನಿ. ಆಕಾಶವೇನೂ ಕಳಚಿ ಬೀಳಲಿಲ್ಲ. ಶಾಸ್ತ್ರಿಗಳು ಮುಂದಿನ ಮಂತ್ರಕ್ಕೆ ಹೋದರು.

ಎಲ್ಲ ಮುಗಿದ ಮೇಲೆ ಒದ್ದೆ ಪಂಚೆಯಲ್ಲೇ ಮೆಟ್ಟಿಲ ಮೇಲೆ ಕುಳಿತರು. ಮನೆಗೆ ಹೋಗೋಣ ಎಂದರೆ ಏಳಲಿಲ್ಲ. ನಾನೂ ಪಕ್ಕದಲ್ಲಿ ಕುಳಿತೆ.

"ಹೋದ ಎಲೆಕ್ಷನ್ನಲ್ಲಿ ಒಂದು ಹಳ್ಳಿಗೆ ಹೋಗಿದ್ದೆ. ಒಬ್ಬಳು ಜ್ವರದ ಮಗು ಎತ್ಕೊಂಡು ಬಂದ್ಲು. ಆಸ್ಪತ್ರೆಗೆ ಡಾಕ್ಟರು ಯಾವಾಗ ಬರ್ತಾರೆ, ಕಾಯ್ಲಾ, ಇಲ್ಲಾ ಪೇಟೆಗೆ ಹೋಗ್ಲಾ ಅಂದ್ಲು. ಸೋಮವಾರ ಬರ್ತಾರಮ್ಮ, ಕಾಯಿ ಅಂದೆ."

"ಬಂದ್ರಾ?"

"ಆ ಊರಿಗೆ ಡಾಕ್ಟರನ್ನ ಹಾಕೇ ಇರ್ಲಿಲ್ಲ ಕಣೇ. ಆಮೇಲೆ ತಿಳೀತು."

"ಮಗು?"

ಮಾವ ಹೊಳೆಯ ಕಡೆಗೇ ನೋಡುತ್ತಿದ್ದರು. "ಕೇಳೋಕೆ ಹೋಗ್ಲಿಲ್ಲ. ಏನು ಹೇಳ್ತಾಳೋ ಅಂತ ಭಯ. ಇವತ್ತಿಗೂ ಆ ದಾರಿಯಲ್ಲಿ ನನ್ನ ಜೀಪು ಹೋಗೋದಿಲ್ಲ."

ಇಷ್ಟು ವರ್ಷ ಇವರನ್ನು ಆಡಿಕೊಂಡು ನಕ್ಕವಳು ನಾನು. ಅಂದು ಕಣ್ಣು ತುಂಬಿ ಬಂತು. ಆ ತಾಯಿಯನ್ನು ನೆನೆದರೆ ಸಿಟ್ಟು, ಈ ಮುಖ ನೋಡಿದರೆ ಸಂಕಟ.

"ಊರಿಗೆ ಹೋದ ತಕ್ಷಣ ಮನೆಗಿಂತ ಮುಂಚೆ ಅಲ್ಲಿಗೆ ಹೋಗ್ತೀನಿ" ಎಂದರು. ನನ್ನ ಕಡೆ ತಿರುಗಿದರು. "ಹೋಗಿ ಏನು ಹೇಳ್ಲೇ?"

ಮಾವ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಅವರ ತಣ್ಣನೆಯ ಕೈ ಹಿಡಿದುಕೊಂಡು, "ನಂಗೂ ತಿಳೀತಿಲ್ಲ ಮಾವ. ಜೊತೆಗೆ ನಾನೂ ಬರ್ತೀನಿ" ಎಂದೆ.