ಸೊಟ್ಟ ಬಾಗಿಲಿನ ಪಂಥ

ಫಿದೆನ್ಸಿಯೊ: ಇದು ಮನೆಯಾ ಅಕ್ಕ, ಜಾರುಬಂಡೆಯಾ?

ತೆಂಚಾ: ಮನೆ ನೆಟ್ಟಗೇ ಇದೆ ಕಣೋ. ಊರು ಸೊಟ್ಟ.

ಫಿದೆನ್ಸಿಯೊ: ನೆಲದ ಮೇಲಿಟ್ಟ ಈ ರಸಮಟ್ಟ ನೋಡು. ಗಾಜಿನೊಳಗಿನ ಗುಳ್ಳೆ ಮೂಲೆಗೆ ಹೋಗಿ ಕೂತಿದೆ. ಏನ್ ಮಾಡಿದ್ರೂ ನಡುವಿಗೆ ಬರ್ತಿಲ್ಲ.

ತೆಂಚಾ: ಹೊಸ ಊರಲ್ವಾ, ಪಾಪ. ನಾಚಿಕೆ ಇರ್ಬೇಕು.

ನಾನು ಸಿಹಿ ಬನ್ನಿನ ಪೊಟ್ಟಣ ಹಿಡಿದು ಮೇಲೆ ಹತ್ತುವಷ್ಟರಲ್ಲಿ ಜಗಳ ಇಲ್ಲಿಗೆ ಬಂದು ಮುಟ್ಟಿತ್ತು. ನಾನು ಲಿಬೋರಿಯೊ, ತೆಂಚಾಳ ಕೆಳಗಿನ ಮನೆಯವನು. ಮೆಕ್ಸಿಕೊ ನಗರದ ನಡುಮಧ್ಯದ ಈ ಹಳೇ ಕಟ್ಟಡದಲ್ಲಿ ನಾನೂ ಅವಳೂ ಮೂವತ್ತು ವರ್ಷದಿಂದ ಒಟ್ಟಿಗೇ ಎಡಕ್ಕೆ ವಾಲುತ್ತಿದ್ದೇವೆ. ಎದುರಿನ ಇಗರ್ಜಿ ಬಲಕ್ಕೆ ವಾಲಿದೆ. ಯಾರೂ ತಲೆ ಕೆಡಿಸಿಕೊಂಡಿಲ್ಲ.

ಫಿದೆನ್ಸಿಯೊ ಅವಳ ತಮ್ಮ. ಪಾತ್ಸ್ಕ್ವಾರೊ ಕೆರೆಯ ಕಡೆಯ ಬಡಗಿ. ಹೆಂಡತಿ ತೀರಿಕೊಂಡ ಮೇಲೆ, ನೀನೂ ಒಂಟಿ ನಾನೂ ಒಂಟಿ, ನಮ್ಮೂರಿಗೇ ಬಂದುಬಿಡು ಎಂದು ವಾರಕ್ಕೆರಡು ಸಲ ಫೋನಿನಲ್ಲಿ ಪೀಡಿಸುತ್ತಿದ್ದನಂತೆ. ತಡೆಯಲಾರದೆ ಇವಳೊಂದು ಪಂಥ ಕಟ್ಟಿದಳು. ಅವಳ ಮುಂಬಾಗಿಲು ಮುಚ್ಚದೆ ಹನ್ನೊಂದು ವರ್ಷವಾಗಿತ್ತು. ಹಗಲೂ ರಾತ್ರಿ ಕುರ್ಚಿ ಒತ್ತಿಟ್ಟು ಬದುಕುತ್ತಿದ್ದಳು. ನೀನು ಬಂದು ಅದನ್ನು ಮುಚ್ಚುವ ಹಾಗೆ ಮಾಡಿದರೆ ನಾನು ಇಲ್ಲೇ ಇರುತ್ತೇನೆ, ಆಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ನಿನ್ನ ಹಿಂದೆ ಬರುತ್ತೇನೆ ಎಂದಳು. ಪುಣ್ಯಾತ್ಮ ಹಿಂದೆಮುಂದೆ ನೋಡದೆ ಒಪ್ಪಿಕೊಂಡ. ಗೆದ್ದರೆ ಅಕ್ಕ ಬರುವುದಿಲ್ಲ, ಸೋತರೆ ಬಡಗಿಯ ಮಾನ ಉಳಿಯುವುದಿಲ್ಲ ಎನ್ನುವುದು ಅವನಿಗೆ ಹೊಳೆದದ್ದು ಬಸ್ಸು ಅರ್ಧ ದಾರಿ ಬಂದ ಮೇಲೆ.

ಬಂದ ಮೊದಲೆರಡು ದಿನ ನಮ್ಮ ನಗರವನ್ನು ಬೈದದ್ದೇ ಬೈದದ್ದು. ಒಂದು ಬೀದಿ ಎಲ್ಲಿ ಎಂದು ಕೇಳಿದರೆ ಮೂವರು ಮೂರು ದಿಕ್ಕು ತೋರಿಸಿದರಂತೆ, ಒಬ್ಬನ ಬಾಯಲ್ಲೂ ಗೊತ್ತಿಲ್ಲ ಎನ್ನುವ ಮಾತು ಬರಲಿಲ್ಲವಂತೆ. ಮೆಟ್ರೊದಿಂದ ಅವನು ಇಳಿಯಲಿಲ್ಲ, ಜನ ಇಳಿಸಿದರಂತೆ. ಬೇಯಿಸಿದ ಜೋಳದ ತಮಾಲನ್ನು ಬನ್ನಿನೊಳಗೆ ತುರುಕಿ ತಿನ್ನುವ ಜನ ಮನುಷ್ಯರೇ ಅಲ್ಲವಂತೆ. ಮೂರನೇ ದಿನದಿಂದ ಬೆಳಿಗ್ಗೆ ಅಂಥವೇ ಎರಡು ತಿನ್ನತೊಡಗಿದ. ಬೈಗುಳವನ್ನೇನೂ ನಿಲ್ಲಿಸಲಿಲ್ಲ, ಅಗಿಯುತ್ತಲೇ ಬೈಯುತ್ತಿದ್ದ.

ಫಿದೆನ್ಸಿಯೊ: ಕೆರೆ ಮುಚ್ಚಿ ಊರು ಕಟ್ಟಿದ್ರೆ ಇನ್ನೇನಾಗುತ್ತೆ? ನಮ್ಮೂರಲ್ಲೂ ಕೆರೆ ಇದೆ. ನಾವು ಅದರ ಪಕ್ಕ ಮನೆ ಕಟ್ಕೊಂಡ್ವಿ.

ತೆಂಚಾ: ಅದಕ್ಕೇ ನಿಮ್ಮೂರು ಇನ್ನೂ ಅಷ್ಟೇ ಇದೆ.

ಫಿದೆನ್ಸಿಯೊ: ದೋನ್ ಲಿಬೋರಿಯೊ, ನೀವಾದ್ರೂ ಹೇಳಿ. ಈ ನೆಲ ಸೊಟ್ಟ ಹೌದೋ ಅಲ್ವೋ?

ನಾನು: ಇದೇನು ಮಹಾ. ನಮ್ಮನೆಗೆ ಬಂದು ನೋಡಿ.

ತೆಂಚಾ: ಸೊಟ್ಟ ಆದ್ರೆ ಅನುಕೂಲಾನೂ ಇದೆ. ನಿಂಬೆಹಣ್ಣು ಕೈಜಾರಿದ್ರೆ ಹುಡುಕೋ ಕೆಲಸ ಇಲ್ಲ, ಸೀದಾ ಮಂಚದ ಕೆಳಗಿರುತ್ತೆ.

ಫಿದೆನ್ಸಿಯೊ: ನಿನ್ನೆ ಮಧ್ಯಾಹ್ನ ಚಾಪೆ ಮೇಲೆ ಅಡ್ಡಾದವನು, ಎದ್ದಾಗ ನಾನೂ ಅಲ್ಲೇ ಇದ್ದೆ.

ಹೀಗೆ ಬೈಯುತ್ತಲೇ ಬಾಗಿಲನ್ನು ಕೀಲಿನಿಂದ ಬಿಚ್ಚಿದ. ಎರಡು ದಿನ ತೋಪಡ ಹೊಡೆದು ಅಂಚು ನುಣುಪು ಮಾಡಿದ. ಮೂಲೆಮಟ್ಟ ಇಟ್ಟು ನಾಲ್ಕೂ ಮೂಲೆ ನೋಡಿದ. ಇಂಥ ನೆಟ್ಟನೆಯ ಬಾಗಿಲು ಈ ಬೀದಿಯಲ್ಲೇ ಇರಲಿಲ್ಲ. ತಂದು ಕೂರಿಸಿದರೆ, ಮೊದಲು ಮೂರು ಬೆರಳು ಇದ್ದ ಸಂದು ನಾಲ್ಕು ಬೆರಳಾಯಿತು.

ತೆಂಚಾ ಒಳಗಿಂದ ಖಾಲಿ ಪೆಟ್ಟಿಗೆ ತಂದು, ಬಟ್ಟಲುಗಳನ್ನು ಒಂದೊಂದಾಗಿ ಹಳೇ ಪತ್ರಿಕೆಯಲ್ಲಿ ಸುತ್ತಿ ತುಂಬತೊಡಗಿದಳು.

ಫಿದೆನ್ಸಿಯೊ: ಏನ್ ಮಾಡ್ತಿದ್ದೀಯ?

ತೆಂಚಾ: ಕಾಣಲ್ವಾ? ಸಾಮಾನು ಕಟ್ತಿದ್ದೀನಿ. ನೀನು ಸೋತೆಯಲ್ಲ.

ಫಿದೆನ್ಸಿಯೊ: ಸೋತೆ ಅಂತ ಯಾರು ಹೇಳಿದ್ದು?

ತೆಂಚಾ: ನಾನು ಬರೋದು ನಿನಗೆ ಬೇಕು ತಾನೆ?

ಫಿದೆನ್ಸಿಯೊ: ಬೇಕು.

ತೆಂಚಾ: ಮತ್ತೆ? ಖುಷಿಯಾಗಿರು. ಅಕ್ಕನ ಬಾಗಿಲು ಮುಚ್ಚೋಕಾಗದ ಬಡಗಿಯ ಮನೇಲಿ ನಾನು ಹೇಗೋ ಹೊಂದ್ಕೊಂಡು ಇರ್ತೀನಿ.

ಅವನ ಮುಖ ಕೆಂಪಾಯಿತು. ಪೆಟ್ಟಿಗೆಯನ್ನು ಎಳೆದುಕೊಂಡು, ಅವಳು ಸುತ್ತಿದ ಬಟ್ಟಲನ್ನೆಲ್ಲ ಬಿಚ್ಚಿ ಮತ್ತೆ ಕಪಾಟಿಗೆ ಸೇರಿಸಿದ. ಅಕ್ಕನನ್ನು ಕರೆದೊಯ್ಯಲೆಂದು ಇಷ್ಟು ದೂರ ಬಂದ ಮನುಷ್ಯ ತಾನೇ ಅವಳ ಗಂಟು ಬಿಚ್ಚುತ್ತಿದ್ದಾನೆ. ಆ ದಿನವೂ ತಂದಿದ್ದ ಬನ್ನುಗಳಲ್ಲಿ ನಾನು ಎರಡನೆಯದನ್ನು ಕೈಗೆತ್ತಿಕೊಂಡೆ. ಇಂಥ ಹೊತ್ತಿನಲ್ಲಿ ಎದ್ದುಹೋಗುವಷ್ಟು ಮರ್ಯಾದೆ ನನ್ನಲ್ಲಿಲ್ಲ.

ಮರುದಿನ ಅವನು ರಸಮಟ್ಟವನ್ನೂ ಮೂಲೆಮಟ್ಟವನ್ನೂ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ಬರಿಗಣ್ಣಲ್ಲಿ ಚೌಕಟ್ಟನ್ನು ತುಂಬ ಹೊತ್ತು ನೋಡಿದ. ಆಮೇಲೆ ಬಾಗಿಲಿನ ಮೇಲಂಚನ್ನು ಓರೆಯಾಗಿ ಕೊಯ್ದ, ಕೆಳಗಂಚಿಗೆ ಓರೆ ತುಂಡು ಸೇರಿಸಿದ. ಅಪ್ಪ ಬದುಕಿದ್ದರೆ ಕೈ ಮುರಿಯುತ್ತಿದ್ದ ಎಂದು ಒಂದೇ ಸಮನೆ ಗೊಣಗುತ್ತಿದ್ದ. ನೋಡಿದರೆ ಕುಡಿದವನು ಮಾಡಿದ ಬಾಗಿಲಿನ ಹಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಎತ್ತಿ ಕೂರಿಸಿ, ಒಂದು ಬೆರಳಿನಿಂದ ತಳ್ಳಿದ.

ಮುಚ್ಚಿಕೊಂಡಿತು. ಚಿಲಕ ತಾನಾಗಿ ಬಿತ್ತು. ಹನ್ನೊಂದು ವರ್ಷದಿಂದ ಒಳಗೆ ಬರುತ್ತಿದ್ದ ಬೀದಿಯ ಗದ್ದಲ ಪೂರ್ತಿ ನಿಂತುಹೋಯಿತು. ನನಗಂತೂ ಇಷ್ಟು ನಿಶ್ಶಬ್ದ ಅಭ್ಯಾಸವಿಲ್ಲ.

ತೆಂಚಾ: ಸರಿ. ನೀನೇ ಗೆದ್ದೆ. ನಿನ್ನ ಬಸ್ಸು ಎಷ್ಟೊತ್ತಿಗೆ?

ಫಿದೆನ್ಸಿಯೊ: ನಾಳೆ ಬೆಳಿಗ್ಗೆ.

ತೆಂಚಾ: ಮುಚ್ಚಬಾರದಿತ್ತು ಕಣೋ.

ಫಿದೆನ್ಸಿಯೊ: ಗೊತ್ತು ಅಕ್ಕ. ಕೈ ನನ್ನ ಮಾತು ಕೇಳಲಿಲ್ಲ.

ಇಬ್ಬರೂ ತಲೆ ತಗ್ಗಿಸಿಕೊಂಡರು. ಅಕ್ಕತಮ್ಮ ಅಳುವುದಕ್ಕೆ ಮೊದಲು ಏನಾದರೂ ಮಾತಾಡಬೇಕಿತ್ತು, ಮತ್ತು ನನ್ನದೂ ಒಂದು ಸ್ವಾರ್ಥವಿತ್ತು. ನಮ್ಮನೆ ಬಚ್ಚಲ ಬಾಗಿಲು ಆರು ವರ್ಷದಿಂದ ಮುಚ್ಚುವುದಿಲ್ಲ, ಒಳಗೆ ಹೋದವರು ಹಾಡುತ್ತಿರಬೇಕು ಎಂದೆ. ತೆಂಚಾಳ ಮೇಲಿನ ಮನೆಯ ವಿಧವೆಯ ಕಿಟಕಿ ಇದೆ, ಮೂಲೆಯ ಕ್ಷೌರಿಕನ ಅಂಗಡಿ ಬಾಗಿಲು ಇದೆ, ಇಗರ್ಜಿಯ ಪಾದ್ರಿಯಂತೂ ಹೆಬ್ಬಾಗಿಲಿಗೆ ಹಗ್ಗ ಕಟ್ಟಿಕೊಂಡಿದ್ದಾರೆ ಎಂದೂ ಸೇರಿಸಿದೆ. ಈ ಊರಲ್ಲಿ ನೆಟ್ಟಗಿನ ಬಾಗಿಲು ಮಾಡುವವರು ಬೇಕಾದಷ್ಟಿದ್ದಾರೆ, ಸರಿಯಾಗಿ ಸೊಟ್ಟ ಮಾಡುವವನು ನನ್ನ ಕಣ್ಣಿಗೆ ಬಿದ್ದದ್ದು ಇವನೊಬ್ಬನೇ ಎಂದೆ. ಸುಳ್ಳೇನಲ್ಲ.

ಫಿದೆನ್ಸಿಯೊ ಎದ್ದು ಗರಗಸ ಕೈಗೆತ್ತಿಕೊಂಡ. ನಮ್ಮ ನಗರವನ್ನು ಹೊಸದಾಗಿ ಬೈಯತೊಡಗಿದ.

ತೆಂಚಾ: ಮತ್ತೆ ಬಸ್ಸು?

ಫಿದೆನ್ಸಿಯೊ: ಹೋಗ್ತೀನಿ ಅಕ್ಕ. ಈ ಊರೊಂದು ನೆಟ್ಟಗಾಗ್ಲಿ, ಮಾರನೇ ದಿನವೇ ಹೊರಟುಬಿಡ್ತೀನಿ.

ತೆಂಚಾ: ಹಾಗಾದ್ರೆ ಆವತ್ತು ನಾನೂ ನಿನ್ನ ಜೊತೇಲೇ ಬರ್ತೀನಿ.