ಹದಿನಾರು ಒದೆಗೆ ಒಂದು ಜೀವ

ನನ್ನ ಅಂಗಡಿಯಲ್ಲಿ ದಿನಕ್ಕೆ ಏನಿಲ್ಲೆಂದರೂ ನೂರಿನ್ನೂರು ಜನ ಸಾಯುತ್ತಿದ್ದರು. ಅಷ್ಟು ಸಾವು ನಡೆಯುವ ಕಡೆ ನಗುವಂಥದ್ದು ಒಂದಾದರೂ ಆಗದೇ ಕದ ಹಾಕಿಕೊಂಡು ಮನೆಗೆ ಹೋದ ದಿನ ನನಗಂತೂ ನೆನಪಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಬಳ್ಳಾರಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದು ರೇಡಿಯೋ ರಿಪೇರಿ ಅಂಗಡಿ. ಮನೆಮನೆಗೆ ಟಿವಿ ಬಂದು ರೇಡಿಯೋಗಳು ಅಟ್ಟ ಸೇರಿದವು, ನಾನು ನೊಣ ಹೊಡೆಯುತ್ತ ಕೂತೆ. ಆಗ ನನ್ನ ಭಾವ ಮದ್ರಾಸಿನಿಂದ ಮೂರು ಹಳೇ ವಿಡಿಯೋ ಗೇಮ್ ಮಿಷನ್ನುಗಳನ್ನು ಲಾರಿಗೆ ಹಾಕಿಸಿ ಕಳಿಸಿದ. ಬೀರುವಿನಂಥ ಮರದ ಪೆಟ್ಟಿಗೆ, ಎದೆಮಟ್ಟಕ್ಕೆ ಒಂದು ಟಿವಿ, ಅದರ ಕೆಳಗೆ ಇಬ್ಬರು ಆಡಲು ಹಿಡಿದು ತಿರುಗಿಸುವ ಎರಡು ಕಡ್ಡಿ, ಒಂದೊಂದರ ಪಕ್ಕದಲ್ಲೂ ಎರಡೆರಡು ಗುಂಡಿ. ಹಿತ್ತಾಳೆ ಬಿಲ್ಲೆ ಹಾಕಿದರೆ ಆಟ ಶುರು.

ಮೂರರಲ್ಲೂ ಹೊಡೆದಾಟವೇ. ಒಂದು ಗುಂಡಿಗೆ ಗುದ್ದು, ಇನ್ನೊಂದಕ್ಕೆ ಒದೆ. ಪರದೆಯ ಮೇಲುಗಡೆ ಹಳದಿ ಪಟ್ಟಿ ಇರುತ್ತಿತ್ತು, ಅದೇ ಜೀವ. ಗುದ್ದು ಬಿದ್ದರೆ ಉಗುರಿನಷ್ಟು ಕರಗುತ್ತಿತ್ತು, ಒದೆ ಬಿದ್ದರೆ ಅದರ ಎರಡರಷ್ಟು. ಕಡ್ಡಿಯನ್ನು ಕೆಳಕ್ಕೆಳೆದು ಎರಡೂ ಗುಂಡಿ ಒಟ್ಟಿಗೆ ಒತ್ತಿದರೆ ನಮ್ಮ ಮನುಷ್ಯ ಬುಗುರಿಯಂತೆ ತಿರುಗಿ ಒದೆಯುತ್ತಿದ್ದ. ಸುತ್ತ ನಿಂತವರೆಲ್ಲ ಉರುಳಿ ಬೀಳುತ್ತಿದ್ದರು, ಆದರೆ ಒದ್ದವನ ಜೀವವೂ ಒಂದಿಷ್ಟು ಖರ್ಚಾಗುತ್ತಿತ್ತು. ಗಿರಾಕಿ ಇಲ್ಲದಾಗ ನಾನೇ ಕೂತು ಎಣಿಸಿದ್ದೆ. ಸುಮ್ಮನೆ ನಿಂತವನು ಹದಿನಾರು ಒದೆಗೆ ಸಾಯುತ್ತಿದ್ದ.

ಗೆದ್ದವನ ಮೆರವಣಿಗೆ

ಕುರುಗೋಡಿನ ಒಬ್ಬ ಪೈಲ್ವಾನರು ಸೋಮವಾರಕ್ಕೊಮ್ಮೆ ಮೊಣಕಾಲಿಗೆ ಎಣ್ಣೆಪಟ್ಟಿ ಕಟ್ಟಿಸಿಕೊಳ್ಳಲು ಬಳ್ಳಾರಿಗೆ ಬರುತ್ತಿದ್ದರು. ವಾಪಸ್ ಬಸ್ಸಿನ ತನಕ ನಮ್ಮಲ್ಲೇ ಠಿಕಾಣಿ. ಕಿವಿ ಎರಡೂ ಜಜ್ಜಿ ಮುದ್ದೆಯಾಗಿದ್ದವು, ಎಡಗಾಲು ಮಡಚುತ್ತಿರಲಿಲ್ಲ. ಮೊದಲ ದಿನವೇ ಪರದೆ ನೋಡಿ ತಕರಾರು ತೆಗೆದರು.

"ಏ ಮೇಸ್ತ್ರಿ, ಅಂವನ ಬೆನ್ನು ನೆಲಕ್ಕ ಹತ್ತಿತು. ಆಟ ಮುಗೀತು, ಬಂದ್ ಮಾಡು."

"ಇಲ್ರೀ ಪೈಲ್ವಾನ್ರ, ಇನ್ನೂ ಅರ್ಧ ಜೀವ ಐತಿ."

"ಜೀವ ಯಾರು ಕೇಳ್ಯಾರ? ಬೆನ್ನು ಹತ್ತಿತು ಅಂತ ಹೇಳಾಕತ್ತೀನಿ."

ಒಂದು ದಿನ ತಾವೇ ಆಡಲು ನಿಂತರು. ಎದುರಿಗೆ ಬಂದ ರೌಡಿಗೆ ಒಂದು ಗುದ್ದು ಕೊಟ್ಟರು, ಅವನು ಅಂಗಾತ ಬಿದ್ದ. ಪೈಲ್ವಾನರು ಕಡ್ಡಿ ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಮೀಸೆ ತೀಡಿದರು. ಅಷ್ಟರಲ್ಲಿ ಬಿದ್ದವನು ಎದ್ದ, ಹಿಂದಿನಿಂದ ಮತ್ತಿಬ್ಬರು ಬಂದರು, ಮೂವರೂ ಸೇರಿ ಇವರ ಮನುಷ್ಯನನ್ನು ಹೊಡೆದು ಹಣ್ಣುಮಾಡಿದರು.

"ಹಿಂದಿಂದ ಹೊಡ್ಯಾಕತ್ಯಾರಲ್ಲೋ! ತೀರ್ಪು ಕೊಡೋ ಪಂಚರು ಎಲ್ಲಿ ಅದಾರ ಇದ್ರಾಗ?"

"ಪಂಚರು ಇಲ್ರೀ. ಅಂವ ಬಿದ್ದಾಗ್ಲೇ ನೀವು ಇನ್ನೊಂದು ಒದಿ ಹಾಕ್ಬೇಕಿತ್ತು."

"ಬಿದ್ದವನ್ನ ಒದಿಯಾಕ ನಾನೇನು ಕತ್ತೆ ಏನಲೇ?"

ಆಟ ಒಂದು ನಿಮಿಷವೂ ನಡೆಯಲಿಲ್ಲ. ಬೆಂಚಿನ ಮೇಲೆ ಕಾಲು ಚಾಚಿ ಕೂತು ಅವರು ತಮ್ಮ ಮೊಣಕಾಲಿನ ಕಥೆ ಹೇಳಿದ್ದು ಆವತ್ತೇ. ಒಂದು ದೊಡ್ಡ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದ್ದರಂತೆ. ಜನ ಶಿಳ್ಳೆ ಹಾಕಿದರು. ಇವರು ಕೈಮುಗಿಯಲು ಆ ಕಡೆ ತಿರುಗಿದ್ದೇ ತಡ, ಬಿದ್ದವನು ಹಿಂದಿನಿಂದ ಕಾಲು ಹಿಡಿದು ತಿರುಚಿಬಿಟ್ಟ. ಕಬ್ಬು ಮುರಿದ ಹಾಗೆ ಸದ್ದಾಯಿತಂತೆ. ಪಂಚರು ನ್ಯಾಯವಾಗಿ ಇವರನ್ನೇ ಗೆಲ್ಲಿಸಿ, ನೆಲದ ಮೇಲೆ ಹೊರಳಾಡುತ್ತಿದ್ದವರ ತಲೆಗೆ ಪಟಕಾ ಸುತ್ತಿದರು. ಅವರ ಕೊನೆಯ ಕುಸ್ತಿ ಅದು.

"ಗೆದ್ದವನ್ನ ನಾಕು ಮಂದಿ ಹೆಗಲಮ್ಯಾಲೆ ಹೊತ್ಕೊಂಡು ಹೋದ್ರು ಅಂತ ಊರೆಲ್ಲಾ ಸುದ್ದಿ ಮೇಸ್ತ್ರಿ," ಎಂದರು. "ಯಾಕ ಹೊತ್ರು ಅಂತ ಒಬ್ಬ ಮಗನೂ ಕೇಳ್ಲಿಲ್ಲ ನೋಡು."

ಕಾಂಪೌಂಡರ್ ಸಾಹೇಬರ ಚಹಾ

ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಕಾಂಪೌಂಡರ್ ಇದ್ದರು. ಅಪಘಾತ, ಹೊಡೆದಾಟ ಎಂದು ಬಂದವರನ್ನೆಲ್ಲ ಮೊದಲು ನೋಡುವ ಕೋಣೆಯಲ್ಲಿ ಅವರಿಗೆ ಇಪ್ಪತ್ತು ವರ್ಷದ ಸರ್ವೀಸು. ಕಡ್ಡಿಯಂಥ ಮನುಷ್ಯ, ಮುಖದ ಮೇಲೆ ನಗು ಸುಳಿದದ್ದು ನಾನು ಕಾಣೆ. ಡ್ಯೂಟಿ ಮುಗಿಸಿ ಬಂದು ಆಡುವವರ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಅವರಿಗೆ ಮಿಷನ್ನಿನ ಲೆಕ್ಕಾಚಾರವೇ ಸರಿಬರುತ್ತಿರಲಿಲ್ಲ.

"ತಲಿಗೆ ಒದ್ರೂ ಅಷ್ಟ, ಕಾಲಿಗೆ ಒದ್ರೂ ಅಷ್ಟ ಅಂದ್ರ ಹೆಂಗ್ರೀ ಇದು? ಎಡಗಡಿ ಪಕ್ಕೆಲುಬಿನ ಕೆಳಗ ಗುಲ್ಮ ಇರ್ತೈತಿ. ಅಲ್ಲಿ ಒಂದ ಒದಿ ಸಾಕು, ಒಡದು ಒಳಗ ರಕ್ತ ಸೋರ್ತೈತಿ. ಹದಿನಾರು ಯಾಕ ಬೇಕು?"

ಆಡುತ್ತಿದ್ದವರು ಕಾಲೇಜಿನ ಇಬ್ಬರು ಹುಡುಗರು. "ಒಂದ ಒದಿಗೆ ಸಾಯ್ತಾರೇನ್ ಸರ್?" ಎಂದು ಪರದೆಯಿಂದ ಕಣ್ಣು ತೆಗೆಯದೆ ಒಬ್ಬ ಕೇಳಿದ.

ಕಾಂಪೌಂಡರ್ ಸಾಹೇಬರು ಹೇಳಿದರು. ಹಿಂದಿನ ವಾರ ಯಾವುದೋ ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ್ದಕ್ಕೆ ಜಗಳವಾಗಿತ್ತು. ಒಬ್ಬನ ಪಕ್ಕೆಗೆ ಒಂದೇ ಒಂದು ಒದೆ. ಪೆಟ್ಟು ತಿಂದವನು ತನ್ನ ಕಾಲಮೇಲೆ ತಾನೇ ನಡೆದುಕೊಂಡು ಆಸ್ಪತ್ರೆಗೆ ಬಂದ. ಮೈಮೇಲೆ ಗಾಯವಿಲ್ಲ, ರಕ್ತವಿಲ್ಲ. ನೋವಿಗಿಂತ ಹೆಚ್ಚಾಗಿ ಟವೆಲ್ ಕಳೆದುಹೋದ ಸಂಕಟ ಅವನಿಗೆ. ಊರಿಗೆ ಮತ್ತೆ ಬಸ್ ಎಷ್ಟೊತ್ತಿಗೆ ಎಂದು ಕೇಳಿದ.

"ಡಾಕ್ಟ್ರು ಬರೋತನಕ ಕುಂದ್ರಪ್ಪ, ಚಾ ತರಸ್ಲೇನು ಅಂದೆ. ಹೂಂ, ಸಕ್ಕರಿ ಜಾಸ್ತಿ ಇರ್ಲಿ ಅಂದ. ಚಾ ಬರೋದ್ರಾಗ ಅಂವ ಇರಲಿಲ್ಲ."

ಹುಡುಗರ ಕೈ ಗುಂಡಿಯ ಮೇಲೆ ಹಾಗೇ ನಿಂತುಬಿಟ್ಟಿತು. ಪರದೆಯಲ್ಲಿ ರೌಡಿಗಳು ಅವರ ಇಬ್ಬರೂ ಹೀರೋಗಳನ್ನು ಸಾವಕಾಶವಾಗಿ ಒದ್ದು ಕೊಂದರು. ಯಾರೂ ಆ ಕಡೆ ನೋಡಲಿಲ್ಲ. ಒಬ್ಬ ಮೆಲ್ಲಗೆ ಕೇಳಿದ, "ಆ ಚಾ ಏನಾತು ಸರ್?"

"ನಾ ಕುಡದೆ," ಎಂದರು ಕಾಂಪೌಂಡರ್. "ಬೆಳಿಗ್ಗಿಂದ ಹೊಟ್ಟಿಗೆ ಏನೂ ಬಿದ್ದಿರಲಿಲ್ಲ. ಸಕ್ಕರಿ ಮಾತ್ರ ಭಾಳ ಆಗಿತ್ತು."

ಕೀಲಿ

ಲಾರಿ ಆಫೀಸಿನ ಒಬ್ಬ ಗುಮಾಸ್ತ ದಿನಾ ಸಂಜೆ ಬರುತ್ತಿದ್ದ. ಆಟದಲ್ಲಿ ಎತ್ತಿದ ಕೈ. ಹುಡುಗರೆಲ್ಲ ಅವನಿಗೆ ಉಸ್ತಾದ್ ಎನ್ನುತ್ತಿದ್ದರು. ಒಂದು ಸಂಜೆ ಅವನ ಹೆಂಡತಿ ಮನೆಯ ಕೀಲಿ ಕೇಳಿಕೊಂಡು ಬಂದಳು. ಜೀನ್ಸ್ ಪ್ಯಾಂಟ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಬೆರಳ ತುದಿಯೆಲ್ಲ ನೀಲಿ, ತಲೆಗೂದಲ ತುಂಬ ದಾರದ ಚೂರು. ಬಲ ಹುಬ್ಬಿನ ಮೇಲೆ ಊದಿಕೊಂಡಿತ್ತು. ನಾನು ಅದನ್ನು ನೋಡಿದ್ದು ಕಂಡು, "ಬಾಗ್ಲಾ ಬಡೀತ್ರಿ," ಎಂದಳು. ನಾನು ಕೇಳಿರಲೇ ಇಲ್ಲ.

ಗಂಡ ತಿರುಗಿಯೂ ನೋಡದೆ "ನಿಂದ್ರು" ಎಂದ. ಅವಳು ನಿಂತಳು. ಸ್ವಲ್ಪ ಹೊತ್ತು ನೋಡಿ, "ಯಣ್ಣಾ, ಆ ಹಳದಿ ಪಟ್ಟಿ ಏನ್ರಿ?" ಎಂದು ನನ್ನನ್ನು ಕೇಳಿದಳು.

"ಅದು ಜೀವ ತಂಗಿ. ಏಟು ಬಿದ್ದಂಗೆಲ್ಲಾ ಕಡಿಮಿ ಆಗ್ತೈತಿ."

"ಎಲ್ಲಾರಿಗೂ ಕಾಣ್ತೈತಲ್ರಿ," ಎಂದಳು. "ಅದ ಛಲೋ ಐತಿ."

ಪಕ್ಕದಲ್ಲಿದ್ದ ಹುಡುಗರು, "ಅಕ್ಕಾ, ನೀವೂ ಆಡ್ರಿ," ಎಂದು ಗಂಟುಬಿದ್ದರು. ಉಸ್ತಾದನಿಗೆ ನಗು ಬಂತು. "ಆಡ್ಲಿ ಬಿಡ್ರಿ, ನನ್ನ ಎದುರಿಗೇ ಆಡ್ಲಿ," ಎಂದು ಇಬ್ಬರು ಎದುರುಬದುರಾಗಿ ಹೊಡೆದಾಡುವ ಮಿಷನ್ನಿಗೆ ಬಿಲ್ಲೆ ಹಾಕಿದ.

ಅವಳು ಕಡ್ಡಿ ಮುಟ್ಟಲಿಲ್ಲ. ಗುದ್ದಿನ ಗುಂಡಿ ಯಾವುದೆಂದು ಕೇಳಿ, ಅದರ ಮೇಲೆ ಒಂದು ಬೆರಳಿಟ್ಟಳು. ಉಸ್ತಾದ್ ಜನರೆದುರು ತನ್ನ ಬುಗುರಿ ಒದೆ ತೋರಿಸಲು ಹೊರಟ. ಅದಕ್ಕೆ ಕಡ್ಡಿ ಎಳೆಯಬೇಕು, ಎರಡು ಗುಂಡಿ ಕೂಡಿಸಬೇಕು. ಅಷ್ಟರಲ್ಲಿ ಅವಳ ಬೆರಳು ಹೊಲಿಗೆ ಮಿಷನ್ನಿನ ಸೂಜಿಯಂತೆ ಟಕಟಕಟಕ ಎಂದು ಓಡಿತು. ಅವನು ಕಾಲೆತ್ತಿದಾಗಲೆಲ್ಲ ಮುಖಕ್ಕೆ ಗುದ್ದು. ಎಳೆದ, ಗುದ್ದು. ಮತ್ತೆ ಎಳೆದ, ಮತ್ತೆ ಗುದ್ದು. ಅವನ ಪಟ್ಟಿ ಪೂರಾ ಖಾಲಿಯಾದಾಗ ಅವಳದು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಹುಡುಗರು ಹೋ ಎಂದು ಕುಣಿದರು. ಉಸ್ತಾದನ ಕೈ ಮುಷ್ಟಿ ಕಟ್ಟಿದ್ದನ್ನು ನಾನು ನೋಡಿದೆ. ನನ್ನ ನಗು ಅರ್ಧಕ್ಕೇ ನಿಂತಿತು. ಅವಳು ನೀಲಿ ಅಂಗೈ ಚಾಚಿ, "ಕೀಲಿ ಕೊಡ್ರಿ," ಎಂದಳು. ಅಷ್ಟು ಜನರೆದುರು ಅವನು ಕೊಡಲೇಬೇಕಾಯಿತು.

ಮನೆಗೆ ಹೋದರೂ ಅದೇ ಯೋಚನೆ. ಬೆಳಿಗ್ಗೆ ನನ್ನ ಹೆಂಡತಿಯನ್ನು ಅವಳ ಕಾರ್ಖಾನೆಯ ಕಡೆ ಕಳಿಸಿದೆ, ಹೇಗಿದ್ದಾಳೆ ನೋಡಿಕೊಂಡು ಬಾ ಎಂದು. ಹೆಂಡತಿ ನಗುತ್ತಲೇ ವಾಪಸ್ ಬಂದಳು. ಉಸ್ತಾದನ ಹೆಂಡತಿ ಹಿಂದಿನ ಸಂಜೆ ನಮ್ಮ ಅಂಗಡಿಯಿಂದ ನೆಟ್ಟಗೆ ಮನೆಗೆ ಹೋಗಿ, ಎರಡು ಸೀರೆ ಗಂಟು ಕಟ್ಟಿಕೊಂಡು, ಬಾಗಿಲಿಗೆ ಬೀಗ ಜಡಿದು, ಪಾರ್ವತಿನಗರದ ಅಕ್ಕನ ಮನೆ ಸೇರಿದ್ದಳು. ಕೀಲಿ ಅವಳ ಸೊಂಟದಲ್ಲೇ ಇತ್ತು.

ಮೂರನೇ ದಿನ ಉಸ್ತಾದ್ ಬಂದ. ಅದೇ ಅಂಗಿ, ಗಡ್ಡ ಬೇರೆ ಬೆಳೆದಿತ್ತು. ಲಾರಿ ಆಫೀಸಿನಲ್ಲೇ ಮೂಟೆಗಳ ಮೇಲೆ ಮಲಗುತ್ತಿದ್ದನಂತೆ.

"ಮೇಸ್ತ್ರಿ, ನಿಮಗ ಎಲ್ಲಾ ರಿಪೇರಿ ಬರ್ತೈತಲ್ಲ. ಒಂದು ಕೀಲಿ ತಗದು ಕೊಡ್ತೀರೇನು?"

ಬೀಗ ತೆಗೆಯುವುದು ನನಗೆ ಎರಡು ನಿಮಿಷದ ಕೆಲಸ. "ಇಲ್ಲಪ್ಪ," ಎಂದೆ. "ನನಗ ರೇಡಿಯೋ ಬಿಟ್ರ ಏನೂ ಬರಂಗಿಲ್ಲ. ನಿಮ್ಮ ಮನಿ ಬಾಗ್ಲಾ ಭಾಳ ಬಡೀತೈತಿ ಅಂತ ಬ್ಯಾರೆ ಕೇಳೀನಿ."

ಒಂಬತ್ತು, ಎಂಟು, ಏಳು

ಇದು ಸಿರುಗುಪ್ಪದ ಅಣ್ಣತಮ್ಮಂದಿರ ಕಥೆ. ಮನೆ ಪಾಲಾದಾಗ ಅಂಗಳದ ನಡುವೆ ಅಣ್ಣ ಒಂದು ಗೋಡೆ ಎಬ್ಬಿಸಿದ. ಅದು ಎರಡು ಅಡಿ ತನ್ನ ಕಡೆ ಬಂದಿದೆ ಎಂದು ತಮ್ಮ ಕೋರ್ಟಿಗೆ ಹೋದ, ಅಣ್ಣನೂ ಎದುರು ಕೇಸು ಜಡಿದ. ಹನ್ನೆರಡು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ತಾಯಿ ತೀರಿಕೊಂಡಾಗ ಹೆಣದ ಈ ಕಡೆ ಒಬ್ಬ, ಆ ಕಡೆ ಒಬ್ಬ ಕೂತು ಅತ್ತರಂತೆ.

ಮೇ ತಿಂಗಳ ಬಿಸಿಲು. ಮೂರು ಗಂಟೆಯ ಮೇಲೆ ಬಳ್ಳಾರಿ ಕೋರ್ಟಿನಲ್ಲಿ ಕೇಸು ಕೂಗುತ್ತಾರೆ ಎಂದು ವಕೀಲರು ಹೇಳಿದ್ದರು. ಮಿಷನ್ನು ಬಿಸಿಯಾಗದಿರಲಿ ಎಂದು ನನ್ನಲ್ಲಿ ಎರಡು ಫ್ಯಾನು ಓಡುತ್ತಿದ್ದವು, ಅಣ್ಣ ಬಂದು ಒಂದರ ಕೆಳಗೆ ಕೂತ. ಹಿಂದೆಯೇ ತಮ್ಮನೂ ಬಂದ. ಅಣ್ಣನನ್ನು ಕಂಡು ಹೊರಗೆ ಹೋದ, ಬಿಸಿಲಿಗೆ ಹೆದರಿ ಮತ್ತೆ ಒಳಗೆ ಬಂದ, ಇನ್ನೊಂದರ ಕೆಳಗೆ ಕೂತ.

"ಮೇಸ್ತ್ರಿ, ಆ ಫ್ಯಾನೂ ಸ್ವಲ್ಪ ಈ ಕಡಿ ತಿರುಗಿಸ್ರಿ," ಎಂದ ಅಣ್ಣ.

"ಮೇಸ್ತ್ರಿ, ಕೆಲವು ಮಂದಿಗೆ ಎಲ್ಲಾ ತಮ್ಮ ಕಡೀನ ಬೇಕು," ಎಂದ ತಮ್ಮ.

ಇದು ಎಲ್ಲಿಗೋ ಹೋಗಿ ಮುಟ್ಟುತ್ತದೆ ಎನ್ನಿಸಿ, "ಸುಮ್ನ ಯಾಕ ಕುಂದ್ರತೀರಿ, ಆಡ್ರಿ," ಎಂದು ಇಬ್ಬರನ್ನೂ ದೊಡ್ಡ ಮಿಷನ್ನಿನ ಮುಂದೆ ನಿಲ್ಲಿಸಿದೆ. ಅಣ್ಣ ನಾಲ್ಕು ಬಿಲ್ಲೆ ಕೊಂಡ, ತಮ್ಮ ಒಂದೇ.

"ಇದ್ರಾಗ ನೀವಿಬ್ರೂ ಒಂದ ಪಾರ್ಟಿ," ಎಂದು ತಿಳಿಹೇಳಿದೆ. "ಎದುರಿಗೆ ಬರೋರು ರೌಡಿಗಳು. ಕೂಡಿ ಹೊಡೀಬೇಕು."

"ನನ್ನ ಒದಿ ಈ ಮನುಷ್ಯಾಗೂ ಹತ್ತತೈತೇನು?" ಎಂದ ಅಣ್ಣ.

"ಹತ್ತತೈತ್ರಿ, ಅದಕ್ಕ ಹುಷಾರಾಗಿ..."

ನನ್ನ ಮಾತು ಮುಗಿಯುವ ಮೊದಲೇ ಒದೆ ಬಿದ್ದಿತ್ತು.

"ಇದು ಗೋಡಿ ಕೇಸು ಹಾಕಿದ್ದಕ್ಕ ಅಂತ ಹೇಳ್ರಿ ಮೇಸ್ತ್ರಿ!"

"ಇದು ನನ್ನ ಮಗಳ ಮದಿವಿಗೆ ಬರಲಾರದ್ದಕ್ಕ ಅಂತ ಹೇಳ್ರಿ!" ತಮ್ಮ ತಿರುಗಿ ಗುದ್ದಿದ.

"ಇದು ಅವ್ವನ ತಿಥಿಗೆ ಕರೀಲಾರದ್ದಕ್ಕ!"

"ಕರದಿದ್ದೆ ಅಂತ ಹೇಳ್ರಿ! ಗೋಡಿ ಈ ಕಡಿಂದ ಒದರಿದ್ದೆ!"

ಇಬ್ಬರ ನಡುವೆ ನಿಂತು ನಾನು ಯಾರಿಗೆ ಏನು ಹೇಳಲಿ? ಪರದೆಯಲ್ಲಿ ರೌಡಿಗಳು ಸುತ್ತುಗಟ್ಟಿ, ಸಿಕ್ಕವರಿಗೆ ಸಿಕ್ಕಷ್ಟು ಬಾರಿಸುತ್ತಿದ್ದರು. ಅವರ ಕಡೆ ಇಬ್ಬರಿಗೂ ಲಕ್ಷ್ಯವೇ ಇಲ್ಲ. ಕೊನೆಗೆ ಅಣ್ಣನ ಒಂದು ಒದೆಗೆ ತಮ್ಮನ ಪಟ್ಟಿ ಮುಗಿಯಿತು. ಮನುಷ್ಯ ಬಿದ್ದ. ಪರದೆಯ ಮೇಲೆ ದೊಡ್ಡದಾಗಿ ಒಂಬತ್ತು ಎಂದು ಬಂತು, ಆಮೇಲೆ ಎಂಟು.

"ಇದೇನು ಎಣಿಸಾಕತ್ತೈತಿ?" ಎಂದ ಅಣ್ಣ.

"ಸೊನ್ನಿ ಬರೋದ್ರಾಗ ಇನ್ನೊಂದು ಬಿಲ್ಲಿ ಹಾಕಿದ್ರ ಏಳ್ತಾನ್ರಿ. ಇಲ್ಲಾಂದ್ರ ಹೋದ."

ತಮ್ಮನ ಹತ್ತಿರ ಬಿಲ್ಲೆ ಇರಲಿಲ್ಲ. "ಹೋಗ್ಲಿ ಬಿಡ್ರಿ," ಎಂದು ಕೈ ಕೆಳಗಿಳಿಸಿದ. ಏಳು. ಆರು. ಅಣ್ಣ ಒಮ್ಮೆ ಬಿದ್ದವನನ್ನು ನೋಡಿದ, ಒಮ್ಮೆ ಪಕ್ಕದಲ್ಲಿ ನಿಂತವನನ್ನು ನೋಡಿದ. ಐದು. ಕಡ್ಡಿ ಬಿಟ್ಟು ಒಳಗಿನ ಜೇಬಿಗೆ ಕೈ ಹಾಕಿದ. ಕೋರ್ಟಿನ ಕಾಗದ, ಎಲೆಯಡಿಕೆ ಚೀಲ, ಎಲ್ಲಾ ನೆಲಕ್ಕೆ ಬಿದ್ದವು. ಬಿಲ್ಲೆ ಮಾತ್ರ ಸಿಗಲೊಲ್ಲದು. ಮೂರು.

"ಲೇ ತಮ್ಮಾ, ಏಳಲೇ! ಏಳೋ!"

ಹನ್ನೆರಡು ವರ್ಷದ ಮೇಲೆ ಅಣ್ಣ ತಮ್ಮನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಒಂದು ಎನ್ನುವಷ್ಟರಲ್ಲಿ ಬಿಲ್ಲೆ ಒಳಗೆ ಬಿತ್ತು. ತಮ್ಮನ ಮನುಷ್ಯ ಮಿರಮಿರ ಮಿಂಚುತ್ತ ಎದ್ದ. ಆದರೆ ಅಣ್ಣ ಕಡ್ಡಿ ಬಿಟ್ಟಿದ್ದನಲ್ಲ, ರೌಡಿಗಳು ಅಷ್ಟರಲ್ಲಿ ಅವನನ್ನು ಮುಗಿಸಿದ್ದರು. ಈಗ ಅಣ್ಣನಿಗೆ ಒಂಬತ್ತು, ಎಂಟು ಶುರುವಾಯಿತು. ಅಣ್ಣ ನೆಲದ ಮೇಲೆ ಕೂತು ಕಾಗದ ಆರಿಸುತ್ತಿದ್ದ.

"ಮೇಸ್ತ್ರಿ, ಒಂದು ಬಿಲ್ಲಿ ಕೊಡ್ರಿ, ಜಲ್ದಿ! ನಮ್ಮಣ್ಣ ಹೋಗಾಕತ್ಯಾನ!" ಎಂದು ತಮ್ಮ ನನ್ನ ಅಂಗಿ ಹಿಡಿದು ಜಗ್ಗಿದ. ನಾನು ಡಬ್ಬಿ ತೆಗೆದು ಕೊಡುವಷ್ಟರಲ್ಲಿ ಸೊನ್ನೆ ಬಂದುಬಿಟ್ಟಿತ್ತು. ತಮ್ಮ ಆ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ಹಾಗೇ ನಿಂತ. ಅವನ ಮನುಷ್ಯನನ್ನೂ ರೌಡಿಗಳು ಹೊಡೆದು ಹಾಕಿದರು. ಅವನು ಗುಂಡಿ ಮುಟ್ಟಲಿಲ್ಲ.

ಇಬ್ಬರೂ ಕೂಡಿ ಕಾಗದ ಆರಿಸಿದರು. ಗೋಡೆಯ ನಕ್ಷೆಯ ಮೇಲೆ ಎಲೆಯಡಿಕೆಯ ಸುಣ್ಣ ಚೆಲ್ಲಿತ್ತು, ತಮ್ಮ ತನ್ನ ಟವೆಲಿನಿಂದ ಒರೆಸಿಕೊಟ್ಟ.

"ಯಜಮಾನ್ರ, ಹಂಗಾದ್ರ ಕೇಸು ವಾಪಸ್ ತಗೋತೀರೇನು?" ಎಂದೆ.

"ಯಾಕ?" ಎಂದ ಅಣ್ಣ.

"ಅಲ್ರೀ, ತಮ್ಮನ್ನ ಉಳಿಸಿದ್ರಲ್ಲ."

"ಉಳಿಸ್ದೇ ಏನ್ ಮಾಡ್ಲಿ? ಅಂವ ಹೋದ್ರ ಹನ್ನೆರಡು ವರ್ಷದ ಕೇಸು ನಾ ಯಾರ ಮ್ಯಾಲೆ ನಡಸ್ಲಿ?"

ಅಷ್ಟರಲ್ಲಿ ತಮ್ಮ ಬಿಸಿಲಿಗೆ ಇಳಿದಿದ್ದ. ಟವೆಲನ್ನು ತಲೆಗೆ ಹೊದ್ದು ತಿರುಗಿ ನೋಡಿ ಕೂಗಿದ, "ಯಣ್ಣಾ, ಜಲ್ದಿ ಬಾರೋ! ಹೊತ್ತಾತು, ನಮ್ಮ ಕೇಸು ಕೂಗಿಬಿಡ್ತಾರ!"